ಉದ್ದ ಸೀಟಿ

ಭಾಗವ್ವನಿಗೆ ಮಗನ ಮುಖ ಮಾತ್ರ ತೋರಿಸಿದರು. ಬೆನ್ನು ತೋರಿಸಲಿಲ್ಲ.

ಉಡುಪಿಯ ಶವಾಗಾರದಲ್ಲಿ ಬಿಳಿ ಬಟ್ಟೆಯನ್ನು ಗದ್ದದವರೆಗೆ ಸರಿಸಿ, "ಇವನೇ ಅಲ್ವಾ?" ಎಂದು ಪೊಲೀಸಿನವನು ಕೇಳಿದ. ಹೌದು, ಇವನೇ. ಮಲಕಪ್ಪ. ಮದುವೆಯಾಗಿ ಮೂರು ವರ್ಷವಾಗಿದ್ದ, ಒಂದು ಕೂಸಿನ ತಂದೆಯಾಗಿದ್ದ ಹುಡುಗ. ಹುಬ್ಬಿನ ಮೇಲೆ ಕಲ್ಲಿನ ಚೂರು ಹಾರಿ ಆಗಿದ್ದ ಹಳೆಯ ಗಾಯದ ಗುರುತು. ತುಟಿಯ ಅಂಚಿನಲ್ಲಿ ಇನ್ನೂ ಮರಳು. ಯಾರೂ ಒರೆಸಿರಲಿಲ್ಲ.

"ಆಯಿತಲ್ಲ, ಇನ್ನು ಹೊರಗೆ ನಡಿ" ಎಂದ ಪೊಲೀಸಿನವನು.

"ಹೊಳ್ಳಿಸ್ರಿ" ಎಂದಳು ಭಾಗವ್ವ.

"ಎಂತ?"

"ಮಗ್ಗಲಕ್ಕ ಹೊಳ್ಳಿಸ್ರಿ. ನಾ ಬೆನ್ನು ನೋಡಬೇಕು."

"ಅದೆಲ್ಲ ಆಗುವುದಿಲ್ಲ ಮಾರಾಯ್ತಿ. ಪೋಸ್ಟ್‌ಮಾರ್ಟಂ ಮುಗಿದುಂಟು. ಡಾಕ್ಟರ್ ನೋಡಿ ಆಗಿದೆ."

ಡಾಕ್ಟರು ನೋಡಿದ್ದರು, ಫೊಟೊದವನು ನೋಡಿದ್ದ, ಪೊಲೀಸರೆಲ್ಲ ನೋಡಿದ್ದರು. ಹೆತ್ತವಳೊಬ್ಬಳು ನೋಡಬಾರದು. ಕಾರ್ಕಳದ ಕಲ್ಲುಕೋರೆಯಲ್ಲಿ ಹಾರೆ ಹಾಕಿ ಬಂಡೆ ಉರುಳಿಸಿದ ಕೈ ಅದು. ಮಗನ ಭುಜದ ಕೆಳಗೆ ಕೈಯಿಟ್ಟು ಎತ್ತಿದಳು. ಹೆಣ ಭಾರ. ಅಲ್ಲಿ ಕೆಲಸಕ್ಕಿದ್ದ ಶೀನ ಎಂಬಾತ ಅಷ್ಟುಹೊತ್ತು ಗೋಡೆಗೆ ಒರಗಿ ನಿಂತಿದ್ದವನು, ಪೊಲೀಸಿನವನ ಮುಖ ನೋಡದೆ ಬಂದು ಕಾಲಿನ ಕಡೆ ಹಿಡಿದುಕೊಂಡ. ಇಬ್ಬರೂ ಸೇರಿ ಹೊರಳಿಸಿದರು.

ಬೆನ್ನಿನಲ್ಲಿ ತೂತು ಇತ್ತು. ಸಣ್ಣದು. ಭಾಗವ್ವ ಹೆಬ್ಬೆರಳಿಟ್ಟಳು. ಪೂರ್ತಿ ಮುಚ್ಚಿತು.

ಮರುದಿನದ ಪೇಪರಿನಲ್ಲಿ ಬಂತು: ಸುತ್ತಿಗೆಯಿಂದ ಹಲ್ಲೆಗೆ ಯತ್ನಿಸಿದ ಆರೋಪಿ ಪೊಲೀಸರ ಗುಂಡಿಗೆ ಬಲಿ. ಎದುರು ನಿಂತು ಸುತ್ತಿಗೆ ಎತ್ತಿದವನ ಬೆನ್ನಿಗೆ ಗುಂಡು ಹೇಗೆ ಬಿತ್ತು ಎಂದು ಬರೆದವನೂ ಕೇಳಲಿಲ್ಲ, ಓದಿದವರೂ ಕೇಳಲಿಲ್ಲ. ಸತ್ತವನು ಘಟ್ಟದವನು, ಘಟ್ಟ ಇಳಿದು ಕೂಲಿಗೆ ಬಂದವನು. ಅಷ್ಟು ಸಾಕಾಯಿತು.

ಕರಾವಳಿಯಲ್ಲಿ ಮನೆ ಕಟ್ಟುವುದಕ್ಕೂ ಘಟ್ಟದವರೇ ಬೇಕು, ಮನೆಗೆ ಕನ್ನ ಬಿದ್ದಾಗ ಹಿಡಿಯುವುದಕ್ಕೂ ಘಟ್ಟದವರೇ ಬೇಕು. ಹುನಗುಂದದ ಕಡೆಯಿಂದ ಬಂದ ಭಾಗವ್ವನಂಥವರು ಕಾರ್ಕಳದ ಕೋರೆಗಳಲ್ಲಿ ಕಲ್ಲು ಒಡೆಯುತ್ತಾರೆ. ಅವರ ಮಕ್ಕಳು ಆ ಕಲ್ಲನ್ನು ಮಣಿಪಾಲದ ಹಾಸ್ಟೆಲುಗಳ ಮೆಟ್ಟಿಲಿಗೆ, ದುಬೈಯಲ್ಲಿರುವವರ ಮನೆಯ ಅಂಗಳಕ್ಕೆ ಹಾಸುತ್ತಾರೆ. ಹಾಸಿ ಮುಗಿದ ಮೇಲೆ ಆ ಮೆಟ್ಟಿಲು ಹತ್ತುವ ಹಾಗಿಲ್ಲ. ಹತ್ತಿದರೆ, ಯಾರು ನೀನು, ಎಂತ ಕೆಲಸ?

ಮಲಕಪ್ಪ ಎರ್ಮಾಳಿನಲ್ಲಿ ಅಂಥದೇ ಒಂದು ಮನೆಗೆ ಮೆಟ್ಟಿಲು ಕೂರಿಸುತ್ತಿದ್ದ. ಸೈಟಿನಲ್ಲೇ ಮಲಗುತ್ತಿದ್ದ. ಬಿಸಿಲೇರಿದರೆ ಕಲ್ಲು ಕಾದು ಕೈ ಸುಡುತ್ತದೆ ಎಂದು ಬೆಳಕು ಹರಿಯುವ ಮೊದಲೇ ಎದ್ದು ರಸ್ತೆಬದಿಯಲ್ಲಿ ಕೂತು ಕಲ್ಲಿನ ಅಂಚು ಹೊಡೆಯುತ್ತಿದ್ದ. ಅದೇ ವಾರ ಕಾಪು ಸುತ್ತಮುತ್ತ ಬೀಗ ಹಾಕಿದ ಮನೆಗಳಿಗೆ ಕನ್ನ ಬಿದ್ದಿತ್ತು. ಸಬ್‌ಇನ್‌ಸ್ಪೆಕ್ಟರ್ ವಿಕಾಸ್ ಜೀಪು ತೆಗೆದುಕೊಂಡು ಸಮುದ್ರದ ಬದಿಯ ರಸ್ತೆಯಲ್ಲಿ ಹುಡುಕುತ್ತ ಬಂದ. ನಿಂತ. ಆಮೇಲೆ ಗುಂಡಿನ ಸದ್ದು.

ಕನ್ನ ಹಾಕಿದವರು ಹದಿನೈದು ದಿನ ಕಳೆದು ಬೇರೆ ಜಿಲ್ಲೆಯಲ್ಲಿ ಸಿಕ್ಕರು. ಅವರಲ್ಲಿ ಕಲ್ಲು ಕೆಲಸದವನು ಒಬ್ಬನೂ ಇರಲಿಲ್ಲ. ಆದರೆ ಸತ್ತ ಮಲಕಪ್ಪನ ಮೇಲೆ ಹಾಕಿದ ಕೊಲೆಯತ್ನದ ಕೇಸು ಹಾಗೆಯೇ ಉಳಿಯಿತು. ಕೊಂದವನ ಮೇಲೆ ಕೇಸಿಲ್ಲ. ಸತ್ತವನ ಮೇಲೆ ಕೇಸು!

ಕಾಪುವಿನ ವಕೀಲೆ ಶಾರ್ಲೆಟ್ ತಾನಾಗಿಯೇ ಹುಡುಕಿಕೊಂಡು ಬಂದವಳು. ಕೋರೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಭಾಗವ್ವನೆದುರು ಸಿಮೆಂಟಿನ ಚೀಲದ ಮೇಲೆ ಕೂತು ಮಾತಾಡಿದಳು. ಪಕ್ಕದಲ್ಲಿ ಸೊಸೆ ಅಶ್ವಿನಿ, ಅವಳ ತೊಡೆಯ ಮೇಲೆ ಕೂಸು.

"ನೋಡಿ ಭಾಗವ್ವ, ಪೊಲೀಸರಿಗೆ ಹಿಡಿಯಲಿಕ್ಕೆ ಅಧಿಕಾರ ಉಂಟು. ಕೊಲ್ಲಲಿಕ್ಕೆ ಇಲ್ಲ. ಗುಂಡು ಹಾರಿಸದಿದ್ದರೆ ಯಾರದಾದರೂ ಜೀವ ಹೋಗ್ತದೆ, ಬೇರೆ ದಾರಿಯೇ ಇಲ್ಲ ಅಂತ ಆದರೆ ಮಾತ್ರ. ಅದೂ, ನಾವು ಪೊಲೀಸರು ಅಂತ ಮೊದಲು ಹೇಳಬೇಕು. ನಿಲ್ಲು, ಇಲ್ಲದಿದ್ದರೆ ಗುಂಡು ಹಾರಿಸ್ತೇವೆ ಅಂತ ಹೇಳಬೇಕು. ಅವನಿಗೆ ಅದು ಅರ್ಥ ಆಗಲಿಕ್ಕೆ ಸಮಯ ಕೊಡಬೇಕು. ಕಳ್ಳನೇ ಆಗಿರಲಿ, ಓಡುವವನ ಬೆನ್ನಿಗೆ ಹೊಡೆಯುವ ಹಾಗಿಲ್ಲ. ಪ್ರಪಂಚದ ದೇಶಗಳೆಲ್ಲ ಸೇರಿ ಒಪ್ಪಿದ ಮಾತು ಇದು."

"ದೇಶದೇಶದಾಗ ಒಪ್ಪ್ಯಾರ" ಎಂದಳು ಭಾಗವ್ವ. "ಎರ್ಮಾಳದಾಗ ಒಪ್ಪಿಲ್ಲೇನ್ರೀ?"

ಶಾರ್ಲೆಟ್ ಬ್ಯಾಗಿನಿಂದ ಕಾಗದ ತೆಗೆದಳು. ಆಮೇಲೆ ಪೊಲೀಸರ ಹೇಳಿಕೆಯನ್ನು ಓದಿದಳು. ಓದುತ್ತ ಒಂದು ಕಡೆ ಬಂದಳು: ಎಚ್ಚರಿಕೆಗಾಗಿ ದೀರ್ಘವಾಗಿ ಸೀಟಿ ಊದಿದೆವು, ಆರೋಪಿಯು ನಿಲ್ಲದೆ ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ಓಡಿದನು, ಬಳಿಕ ತಿರುಗಿ ಹಲ್ಲೆಗೆ ಬಂದನು.

"ಏನ್ ಊದಿದ್ರು?" ಎಂದಳು ಭಾಗವ್ವ.

"ಸೀಟಿ. ವಿಷಲ್."

"ಉದ್ದ ಸೀಟಿ?"

"ದೀರ್ಘವಾಗಿ ಅಂತ ಉಂಟು ಇಲ್ಲಿ. ಯಾಕೆ?"

ಭಾಗವ್ವನ ಕೈ ನೆಲ ಹುಡುಕಿತು. ಅಶ್ವಿನಿ ಅತ್ತೆಯನ್ನು ನೋಡಿದಳು, ಅತ್ತೆ ಸೊಸೆಯನ್ನು ನೋಡಿದಳು. ಇಬ್ಬರಿಗೂ ಗೊತ್ತಾಗಿಹೋಯಿತು. ಅಶ್ವಿನಿ ಸೆರಗು ಬಾಯಿಗೆ ತುರುಕಿಕೊಂಡಳು.

"ನಾನ ಕೊಂದೆ" ಎಂದಳು ಭಾಗವ್ವ. "ವಕೀಲವ್ವಾ, ನನ್ನ ಮಗನ್ನ ನಾನ ಕೊಂದೆ."

ಕೋರೆಯಲ್ಲಿ ಬಂಡೆಗೆ ತೂತು ಕೊರೆದು ಮದ್ದು ತುಂಬುತ್ತಾರೆ. ಬತ್ತಿಗೆ ಬೆಂಕಿ ಮುಟ್ಟಿಸುವ ಮುಂಚೆ ಒಂದು ಉದ್ದ ಸೀಟಿ. ಅದು ಕಿವಿಗೆ ಬಿದ್ದರೆ ಓಡಬೇಕು. ಯಾರು ಊದಿದರು, ಎಲ್ಲಿಂದ ಊದಿದರು ಎಂದು ನೋಡುವ ಹೊತ್ತಲ್ಲ. ಭಾಗವ್ವನ ಗಂಡ ಒಮ್ಮೆ ಓಡುತ್ತ ಹಿಂತಿರುಗಿ ನೋಡಿದ. ಹಾರಿ ಬಂದ ಕಲ್ಲು ಹಣೆಗೆ ಬಿತ್ತು. ಅಲ್ಲಿಗೆ ಅವನ ಕಥೆ ಮುಗಿಯಿತು. ಇನ್ನು ಕೈಯಲ್ಲಿದ್ದ ಹತಾರ, ಸುತ್ತಿಗೆಯೋ ಉಳಿಯೋ. ಅದನ್ನು ಬಿಟ್ಟು ಓಡಿದರೆ ಕಲ್ಲಿನಡಿ ಹೂತು ಹೋಗುತ್ತದೆ. ಹತಾರವಿಲ್ಲದವನಿಗೆ ಮರುದಿನ ಕೆಲಸವಿಲ್ಲ.

ಆದ್ದರಿಂದ ಶೆಡ್ಡುಗಳಲ್ಲಿ ಹುಟ್ಟಿದ ಮಕ್ಕಳಿಗೆ ಅ ಆ ಇ ಈ ಬರುವ ಮುಂಚೆ ಇದನ್ನು ಕಲಿಸುತ್ತಾರೆ. ಭಾಗವ್ವನೂ ಕಲಿಸಿದ್ದಳು. ಗಂಡ ಸತ್ತ ಮೇಲಂತೂ ಹಟ ಹಿಡಿದು ಕಲಿಸಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಯಲ್ಲೇ ಉದ್ದಕ್ಕೆ ಸೀಟಿ ಹಾಕುವಳು. ಪುಟ್ಟ ಮಲಕಪ್ಪ ಕೈಯಲ್ಲಿದ್ದ ಚಮಚ ಹಿಡಿದುಕೊಂಡು ಹೊರಗೆ ಓಡುವನು. ಚಮಚ ಬಿಟ್ಟು ಓಡಿದರೆ ಕುಂಡೆಗೆ ಒಂದು ಏಟು. ತಿರುಗಿ ನೋಡಿದರೆ ಎರಡು. "ಸೀಟಿ ಬಿತ್ತಂದ್ರ ಹತಾರ ಹಿಡಕೊಂಡು ಓಡು. ಹೊಳ್ಳಿ ನೋಡಬ್ಯಾಡ." ಹುಡುಗ ನಗುತ್ತಿದ್ದ. ಆಟ ಅವನಿಗೆ.

ಎರ್ಮಾಳಿನ ರಸ್ತೆಬದಿಯಲ್ಲಿ ಅವನು ಕಲ್ಲಿನ ಕಡೆ ತಲೆ ಬಗ್ಗಿಸಿ ಕೂತಿದ್ದ. ಹಿಂದಿನಿಂದ ಉದ್ದ ಸೀಟಿ ಬಿತ್ತು. ತಾಯಿ ಕಲಿಸಿದಂತೆ ಸುತ್ತಿಗೆ ಹಿಡಿದುಕೊಂಡ. ತಾಯಿ ಕಲಿಸಿದಂತೆ ಓಡಿದ. ತಾಯಿ ಕಲಿಸಿದಂತೆ ತಿರುಗಿ ನೋಡಲಿಲ್ಲ.

"ನೀವು ಕೊಂದದ್ದಲ್ಲ" ಎಂದಳು ಶಾರ್ಲೆಟ್. "ನೀವು ಬದುಕಲಿಕ್ಕೆ ಕಲಿಸಿದ್ದು. ಗುಂಡು ಹಾರಿಸಿದವನು ಬೇರೆ." ಭಾಗವ್ವನಿಗೆ ಅದು ತಲೆಗೆ ಹೋಯಿತು. ಎದೆಗೆ ಇಳಿಯಲಿಲ್ಲ.

ಮೇಸ್ತ್ರಿ ಸಿದ್ದಣ್ಣ ಸಂಜೆ ಬಂದ. ಊರಿನಿಂದ ಇವರನ್ನೆಲ್ಲ ಕೋರೆಗೆ ಕರೆತಂದವನೇ ಅವನು. ವರಸೆಯಲ್ಲಿ ಭಾಗವ್ವನಿಗೆ ತಮ್ಮನಾಗಬೇಕು. ಬಂದವನು ಕೂರಲಿಲ್ಲ.

"ಭಾಗಕ್ಕಾ, ಠಾಣೆದವರು ಕರದಿದ್ರು. ವಿಚಾರಣೆ ಮಾಡೋ ಎಸಿ ಸಾಹೇಬ್ರು ಜಾಗಾ ನೋಡಾಕ ಬರ್ತಾರಂತ. ಅಲ್ಲಿ ನಾವೆಲ್ಲಾ ಒಂದ ಮಾತು ಹೇಳಬೇಕಂತ."

"ಏನಂತ?"

"ಮಲಕಪ್ಪ ಮೊದಲಿಂದ್ಲೂ ಸಿಟ್ಟಿನವ. ಸುತ್ತಿಗಿ ಹಿಡಕೊಂಡು ಮಂದಿ ಮ್ಯಾಲೆ ಹೋಗ್ತಿದ್ದ ಅಂತ."

ಭಾಗವ್ವ ಅವನನ್ನೇ ನೋಡಿದಳು. ಈ ಸಿದ್ದಣ್ಣನ ಹೆಗಲ ಮೇಲೆ ಕೂತು ಮಲಕಪ್ಪ ಕೋರೆ ನೋಡಿದ್ದ. ಇವನ ಕೈಯಿಂದಲೇ ಮೊದಲ ಸುತ್ತಿಗೆ ಇಸಿದುಕೊಂಡಿದ್ದ.

"ಹಂಗ ನೋಡಬ್ಯಾಡ" ಎಂದ ಸಿದ್ದಣ್ಣ. "ಇಲ್ಲಂದ್ರ ಶೆಡ್ಡು ಕೀಳಸ್ತಾರಂತ. ಎಲ್ಲಾರನ್ನೂ ಕಳವಿನ ಕೇಸಿನ್ಯಾಗ ಎಳೀತಾರಂತ. ಬಡವನ ಸಿಟ್ಟು ದವಡಿಗೆ ಮೂಲ, ಅಕ್ಕಾ. ಸತ್ತಾಂವ ಅಂತೂ ಎದ್ದು ಬರಂಗಿಲ್ಲ. ಇದ್ದೋರು ಬದುಕಬೇಕಲ್ಲ?"

"ಸತ್ತಾಂವಗ ಹೆಸರು ಅಂತ ಒಂದೈತಿ ಸಿದ್ದಾ" ಎಂದಳು ಭಾಗವ್ವ. "ನಾಳಿ ಈ ಕೂಸು ದೊಡ್ಡದಾಗಿ, ನಮ್ಮಪ್ಪ ಯಾಂವ ಅಂತ ಕೇಳ್ತೈತಿ. ಪೊಲೀಸರಿಗೆ ಸುತ್ತಿಗಿ ಎತ್ತಿದ ಕಳ್ಳ ಅಂತ ನೀ ಹೇಳ್ತಿಯೇನು?"

ಸಿದ್ದಣ್ಣ ತಿರುಗಿ ಹೊರಟ. ಹೋಗುವಾಗ ಬಾಗಿಲಿನ ತಗಡು ತಲೆಗೆ ಬಡಿಯಿತು. ಅದನ್ನೂ ಉಜ್ಜಿಕೊಳ್ಳದೆ ಹೋದ.

ಸ್ಥಳ ನೋಡುವ ದಿನ ಎರ್ಮಾಳಿನಲ್ಲಿ ಬಿಸಿಲು ಚುರುಗುಡುತ್ತಿತ್ತು. ವಿಚಾರಣೆಯ ಅಧಿಕಾರಿ ಕಾರಿನಿಂದಿಳಿದು ಕಪ್ಪು ಕನ್ನಡಕ ಹಾಕಿಕೊಂಡರು. ಜೊತೆಗೆ ಬರೆದುಕೊಳ್ಳುವ ಗುಮಾಸ್ತ. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ವಿಕಾಸ್, ಅವನ ಹಿಂದೆ ಅಂದು ಸೀಟಿ ಊದಿದ್ದ ಪೇದೆ ಹರ್ಷಿತ್. ಪೊಲೀಸರ ಕಡೆಯ ಸಾಕ್ಷಿಗಳೆಂದು ಸಿದ್ದಣ್ಣ ಮತ್ತು ಕೋರೆಯ ಇಬ್ಬರು ಹೆಂಗಸರು, ಕೈಯಲ್ಲಿ ಬುತ್ತಿ ಗಂಟು ಹಿಡಿದು ತೆಂಗಿನ ಮರದ ನೆರಳಲ್ಲಿ ನಿಂತಿದ್ದರು. ಭಾಗವ್ವ, ಕೂಸನ್ನೆತ್ತಿಕೊಂಡ ಅಶ್ವಿನಿ ಮತ್ತು ಶಾರ್ಲೆಟ್ ಈಚೆ ಕಡೆ.

ಮಲಕಪ್ಪ ಬಿದ್ದ ಜಾಗವನ್ನು ಭಾಗವ್ವನಿಗೆ ತೋರಿಸಿದವಳು ಕುಶಲಾ, ಮೀನು ಮಾರುವ ಹೆಂಗಸು. ಆ ಬೆಳಿಗ್ಗೆ ಬುಟ್ಟಿ ಹೊತ್ತು ಇದೇ ದಾರಿಯಲ್ಲಿ ಬರುತ್ತಿದ್ದಳಂತೆ.

"ಇಲ್ಲಿಯೇ ಅಮ್ಮ. ತಲೆಗೆ ಸುತ್ತಿದ್ದ ನನ್ನ ಬೈರಾಸು ಬಿಚ್ಚಿ ಹೊದಿಸಿದ್ದು ನಾನು. ಪಾಪದ ಹುಡುಗ, ಬಿದ್ದ ಮೇಲೂ ಸುತ್ತಿಗೆ ಬಿಟ್ಟಿರಲಿಲ್ಲ." ಆಮೇಲೆ ಅಧಿಕಾರಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. "ಅವನು ಒಂದು ಸಲವೂ ತಿರುಗಲಿಲ್ಲ ಸಾರ್. ನಾನು ಕಣ್ಣಾರೆ ನೋಡಿದ್ದು."

"ದೂರದಿಂದ ಇವಳಿಗೆಂತ ಕಾಣ್ತದೆ ಸಾರ್" ಎಂದ ವಿಕಾಸ್. "ನಾವು ಎಚ್ಚರಿಕೆ ಕೊಟ್ಟಿದ್ದೇವೆ. ಕೇಳಿಸಲಿಲ್ಲ ಅಂತ ಇವರ ವಾದ ಇರಬಹುದು. ಬೇಕಿದ್ದರೆ ಈಗಲೇ ಊದಿ ತೋರಿಸ್ತೇವೆ. ಎಲ್ಲಿಯವರೆಗೆ ಕೇಳ್ತದೆ ಅಂತ ತಾವೇ ನೋಡಿ."

ಅಧಿಕಾರಿ ತಲೆಯಾಡಿಸಿದರು. ಹರ್ಷಿತ್ ಜೀಪಿನ ಹತ್ತಿರ ಹೋಗಿ, ಎದೆ ತುಂಬ ಉಸಿರೆಳೆದು ಸೀಟಿ ಊದಿದ.

ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರಿನವನು ತಟ್ಟನೆ ಬ್ರೇಕು ಹಾಕಿ ಕಾಲೂರಿ ನಿಂತ. ಕುಶಲಾ ನಿಂತಲ್ಲೇ ನಿಂತಳು. ಕಂಡಕ್ಟರನ ಒಂದೇ ಸೀಟಿಗೆ ಬಸ್ಸು ನಿಲ್ಲುವುದನ್ನು ನೋಡುತ್ತಲೇ ಬೆಳೆದ ಊರು ಅದು. ಅವರಿಗೆ ಸೀಟಿ ಎಂದರೆ ನಿಲ್ಲು. ಹರ್ಷಿತನಿಗೂ ಅಷ್ಟೇ.

ಕೋರೆಯವರು ಓಡಿದರು.

ಸಿದ್ದಣ್ಣ ಎಲ್ಲರಿಗಿಂತ ಮೊದಲು ಓಡಿದ. ಬುತ್ತಿ ಗಂಟನ್ನು ಎದೆಗೊತ್ತಿಕೊಂಡು, ತಲೆ ತಗ್ಗಿಸಿ, ಸಮುದ್ರದ ಕಡೆ ಓಡಿದ. ಅವನ ಹಿಂದೆ ಆ ಇಬ್ಬರು ಹೆಂಗಸರು, ಚಪ್ಪಲಿ ಮರಳಲ್ಲಿ ಉಳಿದವು. ಅಶ್ವಿನಿ ಕೂಸನ್ನು ಅವಚಿಕೊಂಡು ಓಡಿದಳು. ಒಬ್ಬರೂ ಹಿಂತಿರುಗಿ ನೋಡಲಿಲ್ಲ.

ಭಾಗವ್ವನ ಕಾಲೂ ಎದ್ದಿತ್ತು. ಎಷ್ಟೋ ವರ್ಷದಿಂದ ಆ ಸದ್ದಿಗೆ ಎದ್ದ ಕಾಲು. ಹಿಮ್ಮಡಿ ನೆಲ ಬಿಟ್ಟಿತು. ಅವಳು ಮಗ ಬಿದ್ದ ಮರಳನ್ನು ನೋಡಿದಳು. ಹಿಮ್ಮಡಿಯನ್ನು ಅದರೊಳಗೆ ಊರಿದಳು. ಓಡಲಿಲ್ಲ. ಮೈಯೆಲ್ಲ ಬೆವರಿಟ್ಟಿತು, ಆದರೂ ಓಡಲಿಲ್ಲ. ನಿಂತಲ್ಲೇ ಪೂರ್ತಿ ತಿರುಗಿ, ಸೀಟಿ ಊದಿದವನನ್ನೂ ಅವನ ಪಕ್ಕದಲ್ಲಿದ್ದ ವಿಕಾಸನನ್ನೂ ನೋಡಿದಳು. ವಿಕಾಸನ ಕೈ ತಾನಾಗಿ ಸೊಂಟದ ಪಟ್ಟಿಗೆ ಹೋಗಿತ್ತು.

"ಹೊಡೀರಿ ಈಗ" ಎಂದಳು. "ಅವರೂ ಓಡ್ಯಾರಲ್ಲ, ಹೊಡೀರಿ. ಒಬ್ಬಾಕಿ ಬಗಲಾಗ ಕೂಸೈತಿ. ಅದಕ್ಕೂ ಹೊಡೀರಿ."

ಅಧಿಕಾರಿ ಕನ್ನಡಕ ತೆಗೆದರು.

"ಇದೆಲ್ಲ ನಾಟಕ ಸಾರ್" ಎಂದ ವಿಕಾಸ್. "ವಕೀಲರು ಕಲಿಸಿಕೊಟ್ಟದ್ದು."

"ಸಿದ್ದಣ್ಣ ನಿಮ್ಮ ಸಾಕ್ಷಿ ಅಲ್ವಾ?" ಎಂದಳು ಶಾರ್ಲೆಟ್. "ನೀವೇ ಕರೆದು ತಂದದ್ದು. ಅವನಿಗೂ ನಾನು ಕಲಿಸಿದ್ದಾ?"

ಸಿದ್ದಣ್ಣ ದೂರದಲ್ಲಿ ನಿಂತಿದ್ದ. ಏದುಸಿರು ಬಿಡುತ್ತಿದ್ದ. ತಾನೇಕೆ ಓಡಿದೆ ಎಂದು ಅವನಿಗೆ ಆಗ ಹೊಳೆದಿರಬೇಕು. ಕೈಯಲ್ಲಿದ್ದ ಗಂಟನ್ನು ನೋಡಿದ. ತೂರಾಡುತ್ತ ವಾಪಸು ಬಂದ, ಭಾಗವ್ವನ ಮುಂದೆ ಮರಳಲ್ಲಿ ಕುಸಿದು ಕೂತ. ಗಂಡಸು, ನಾಲ್ಕು ಜನರ ಮುಂದೆ ಬೋರಾಡಿ ಅತ್ತ.

"ಸಾಹೇಬ್ರ, ಹುಡುಗ ಸಿಟ್ಟಿನವ ಅಲ್ಲ. ಠಾಣೆದವರು ಹೇಳಿಕೊಟ್ಟದ್ದು ನಾ ಹೇಳಂಗಿಲ್ಲ. ಅಕ್ಕಾ, ನಮ್ಮ ಹುಡುಗ ಸಿಟ್ಟಿನವ ಅಲ್ಲ..."

ಅಧಿಕಾರಿಗೆ ಹೊತ್ತಾಗುತ್ತಿತ್ತು. "ನೋಡಮ್ಮ, ಈಗ ನಾನು ಬಂದದ್ದು ಒಂದು ವಿಷಯಕ್ಕೆ. ಸೀಟಿ ಕೇಳಿಸಿತೋ ಇಲ್ಲವೋ? ಅಷ್ಟು ಹೇಳು."

"ಕೇಳಿಸ್ತು" ಎಂದಳು ಭಾಗವ್ವ. "ಅದಕ್ಕ ಓಡಿದ."

ಗುಮಾಸ್ತ ಬರೆದ. ಬರೆದದ್ದನ್ನು ಓದಿದ: ಸೀಟಿಯ ಶಬ್ದವು ಸ್ಥಳದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆಂದು ಮೃತನ ತಾಯಿ ಒಪ್ಪಿರುತ್ತಾಳೆ. ಶಾಯಿಯ ಪ್ಯಾಡು ಮುಂದೆ ಹಿಡಿದು, "ಹೆಬ್ಬೆಟ್ಟು ಒತ್ತಮ್ಮ" ಎಂದ.

"ಮುಂದಿಂದು?"

"ಮುಂದಿನದು ಎಂತ?"

"ನಾ ಎರಡು ಮಾತು ಹೇಳೀನಿ. ನೀ ಒಂದು ಬರದಿ."

"ಅದು ಅಭಿಪ್ರಾಯ ಆಗ್ತದೆ. ಇಲ್ಲಿ ಬರೆಯುವ ಹಾಗಿಲ್ಲ" ಎಂದ ಗುಮಾಸ್ತ.

"ಹಂಗಾರ ಒತ್ತಂಗಿಲ್ಲ."

"ಒತ್ತದಿದ್ದರೆ ತನಿಖೆಗೆ ಸಹಕರಿಸಲಿಲ್ಲ ಅಂತ ಆಗ್ತದೆ" ಎಂದ ವಿಕಾಸ್, ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ. "ಶೆಡ್ಡಿನಲ್ಲಿ ಇರಬೇಕಲ್ಲ ನೀವೆಲ್ಲ."

ಭಾಗವ್ವ ಬಲಗೈಯ ಹೆಬ್ಬೆರಳನ್ನು ಎತ್ತಿ ಹಿಡಿದಳು. ಕಲ್ಲು ಜಜ್ಜಿ ಉಗುರು ಕರ್ರಗಾಗಿದ್ದ ಬೆರಳು.

"ಸಾಹೇಬ್ರ, ನನ್ನ ಮಗನ ಬೆನ್ನಿನ ತೂತು ಈ ಬೆರಳಿಂದ ಮುಚ್ಚಿ ನೋಡೀನಿ ನಾನು. ಸರೀ ಹೊಂದತೈತಿ. ಈ ಬೆರಳನ್ನ ಅರ್ಧಾ ಮಾತಿಗೆ ಒತ್ತಂಗಿಲ್ಲ. ಶೆಡ್ಡು ಕೀಳ್ತೀರಾ, ಕೀಳ್ರಿ. ಕೇಸು ಹಾಕ್ತೀರಾ, ಹಾಕ್ರಿ. ಸೀಟಿ ಕೇಳಿಸ್ತು, ಅದಕ್ಕ ಓಡಿದ. ಎರಡೂ ಬರದ್ರ ಒತ್ತತೀನಿ."

ಬಿಸಿಲು ನೆತ್ತಿಗೆ ಬಂದಿತ್ತು. ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಸಮುದ್ರ ನೋಡಿದರು. ಓಡಿದವರ ಚಪ್ಪಲಿಗಳು ಇನ್ನೂ ಅವರ ಕಾಲಬಳಿ ಬಿದ್ದಿದ್ದವು.

"ಬರೆಯಿರಿ" ಎಂದರು ಕೊನೆಗೆ.

ಸೀಟಿ ಕೇಳಿಸಿದ್ದರಿಂದಲೇ ತನ್ನ ಮಗ ಓಡಿದನೆಂದು ತಾಯಿ ಹೇಳಿರುತ್ತಾಳೆ. ಶಾರ್ಲೆಟ್ ಅದನ್ನು ಎರಡು ಸಲ ಓದಿಸಿದಳು. ಆಮೇಲೆ ಭಾಗವ್ವ ಹೆಬ್ಬೆಟ್ಟು ಒತ್ತಿದಳು. ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಕುಶಲಾ ಹತ್ತಿರ ಬಂದು ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು.

ವರದಿ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ವಿಕಾಸ್ ಅದೇ ಜೀಪು ಹತ್ತಿ ಹೋದ. ಒಂದು ವಾಕ್ಯದಿಂದ ಜೈಲಿಗೆ ಹೋಗುವವರಲ್ಲ ಅವರು. ಆದರೆ ಇನ್ನು ಮುಂದೆ ಆ ಕಡತ ತೆರೆದವರು ಯಾರೇ ಆಗಲಿ, ಆ ವಾಕ್ಯವನ್ನು ದಾಟಿಯೇ ಮುಂದೆ ಹೋಗಬೇಕು.

ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರು. ಸಿದ್ದಣ್ಣ ಹಿಂದಿನ ಸೀಟಿನಲ್ಲಿ ಯಾರ ಮುಖವನ್ನೂ ನೋಡದೆ ಕೂತ. ಕಂಡಕ್ಟರ್ ಚುಟುಕಾಗಿ ಎರಡು ಸೀಟಿ ಹಾಕಿದ, ಬಸ್ಸು ಹೊರಟಿತು. ಬಸ್ಸಿನ ಸೀಟಿ ಗಿಡ್ಡ. ಅದಕ್ಕೆ ಅವರ ಕಾಲು ಬೆಚ್ಚುವುದಿಲ್ಲ.

ಅಶ್ವಿನಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಕೂಸು ಭಾಗವ್ವನ ತೊಡೆಯ ಮೇಲಿತ್ತು, ಕೈಯಲ್ಲಿ ಕುಶಲಾ ಕೊಟ್ಟ ಬಿಸ್ಕತ್ತು. ಅವ್ವ ಎದೆಗವಚಿಕೊಂಡು ಮರಳಲ್ಲಿ ಓಡಿದ್ದು ಅದಕ್ಕೆ ಬಹಳ ಹಿಡಿಸಿಬಿಟ್ಟಿತ್ತು. ತುಟಿ ಮುಂದೆ ಮಾಡಿತು. ಊದಿತು. ಉದ್ದಕ್ಕೆ, ಉಸಿರು ಮುಗಿಯುವವರೆಗೂ ಊದಿತು. ಬಿಸ್ಕತ್ತನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದುಕೊಂಡು ತೊಡೆಯಿಂದ ಜಾರಿ ಇಳಿಯಲು ನೋಡಿತು.

"ಆಯೀ, ಓಡು" ಎಂದಿತು ಅಜ್ಜಿಗೆ.

ಭಾಗವ್ವ ಅದರ ಕಾಲು ಹಿಡಿದುಕೊಂಡಳು. ಓಡಬ್ಯಾಡ ಎನ್ನಲು ಬಾಯಿ ತೆರೆದಳು. ಕೋರೆಯಲ್ಲಿ ಓಡದೆ ನಿಂತರೆ ಅದರಜ್ಜನಂತೆ ಕಲ್ಲು ಬಿದ್ದು ಸಾಯುತ್ತದೆ. ಓಡು ಎಂದರೆ, ರಸ್ತೆಯಲ್ಲಿ ಅದರಪ್ಪನಂತೆ ಸಾಯುತ್ತದೆ. ತೆರೆದ ಬಾಯಿ ಹಾಗೆಯೇ ಉಳಿಯಿತು.

ಕೂಸು ಕೆಳಗಿನಿಂದ ಅವಳ ಮುಖವನ್ನೇ ನೋಡುತ್ತ, ಅವಳು ಏನನ್ನುತ್ತಾಳೋ ಎಂದು ಕಾಯುತ್ತಿತ್ತು.